ಹತ್ತಿಯ ಹಾದಿ

ಕುಮಟೆ ಹತ್ತಿ ಬೆಳೆಯುವ ನಾಡಲ್ಲ. ತೆಂಗು, ಭತ್ತ, ಮೀನುಗಳ ಕರಾವಳಿ ಅದು. ಆದರೂ ಹತ್ತೊಂಬತ್ತನೆಯ ಶತಮಾನದ ಮುಂಬಯಿ, ಲಿವರ್‌ಪೂಲ್ ಪೇಟೆಗಳಲ್ಲಿ ‘ಕುಮಟಾ’ ಎಂದರೆ ಹತ್ತಿಯೇ ಆಗಿದ್ದಿತು. ಆ ಹೆಸರನ್ನು ಕೊಟ್ಟುದು ಹೊಲವಲ್ಲ, ಹಾದಿ.

ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ ಅರಳೆಯು ಶಿರಸಿಗೆ ಬಂದು, ರಾಗಿಹೊಸಳ್ಳಿಯ ಕಾಡನ್ನು ಹಾದು, ದೇವಿಮನೆ ಘಟ್ಟವನ್ನಿಳಿದು, ಕತಗಾಲದ ಮೇಲಿಂದ ಕುಮಟೆಯ ಬಂದರನ್ನು ಸೇರುತ್ತಿದ್ದಿತು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿಯ ಅರಳೆಗೆ ಎಲ್ಲಿಲ್ಲದ ಬೆಲೆ ಬಂದಿತು. ಹತ್ತಿಯ ಸೀಮೆಯೂ ಅದರ ಬಂದರುಗಳೂ ಒಂದೇ ಆಡಳಿತದಲ್ಲಿರಬೇಕೆಂದು ವರ್ತಕರು ಹಟ ಹಿಡಿದರು. 1862ರಲ್ಲಿ ಉತ್ತರ ಕನ್ನಡವೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಜನರನ್ನು ಯಾರೂ ಕೇಳಲಿಲ್ಲ.

1880ರ ದಶಕದ ಕೊನೆಗೆ ಹುಬ್ಬಳ್ಳಿಗೂ ಮರ್ಮಗೋವೆಗೂ ರೈಲು ಕೂಡಿದಾಗ ಹತ್ತಿಯು ದಾರಿ ಬದಲಿಸಿತು. ಬಂದರು ಸೊರಗಿತು, ಹಾದಿ ಉಳಿಯಿತು. ಶಿರಸಿಗೂ ಕುಮಟೆಗೂ ನಡುವಣ ಸುಮಾರು 60 ಕಿಲೋಮೀಟರಿನ ಅದು ಬಹುಕಾಲ ರಾಜ್ಯ ಹೆದ್ದಾರಿಯಾಗಿದ್ದು, ಈಗ ರಾಷ್ಟ್ರೀಯ ಹೆದ್ದಾರಿ 766ಇ ಎನಿಸಿದೆ. ಘಟ್ಟದ ಮೇಲಣ ಅಡಿಕೆ, ಕೆಳಗಣ ಮೀನು, ಎರಡೂ ಕಡೆಯ ನೆಂಟರಿಷ್ಟರು ಅದರಲ್ಲೇ ಹತ್ತಿಳಿಯುತ್ತಾರೆ. ಪರರ ಲಾಭಕ್ಕೆ ಸವೆದ ದಾರಿ, ಆ ಲಾಭ ತೀರಿದ ಮೇಲೆ ನಮ್ಮದಾಯಿತು.