ಹಳೇ ಕಾರಿನ ಎರಡನೇ ಗೇರು

ಕುಣಿಗಲ್‌ನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಅಪ್ಪನ ಜೊತೆ ಗುಬ್ಬಿಗೆ ವಾಪಸ್ ಹೊರಟಿದ್ದೆ. ಕಾರು ಮಾರುತಿ 800. ನನಗಿಂತ ಮುಂಚೆ ಇಬ್ಬರ ಕೈ ದಾಟಿ ಬಂದಿದ್ದು, ಕೊಂಡು ಎರಡು ತಿಂಗಳಾಗಿತ್ತು ಅಷ್ಟೆ. ಊರು ದಾಟುವಾಗ ಹಂಪ್ ಹತ್ತಿರ ಮೂರರಿಂದ ಎರಡನೇ ಗೇರಿಗೆ ಇಳಿಸೋಕೆ ಹೋದರೆ ‘ಕರ್‍ರ್’ ಅಂತು. ಹೆಬ್ಬೂರು ಬರೋ ಹೊತ್ತಿಗೆ ಎರಡನೇ ಗೇರು ಬೀಳೋದೇ ನಿಂತುಹೋಯ್ತು.

ಅಪ್ಪ ವರ್ಷಗಟ್ಟಲೆ ಬಾಡಿಗೆ ಅಂಬಾಸಿಡರ್ ಓಡಿಸಿದವರು. ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಮುಟ್ಟಿಲ್ಲ. ಅವರ ಡ್ರೈವಿಂಗ್ ಪಾಠಕ್ಕೆ ನಾನು ಯಾವತ್ತೂ ಕಿವಿಗೊಟ್ಟವನಲ್ಲ. ಅವತ್ತು ಬೇರೆ ದಾರಿ ಇರಲಿಲ್ಲ.

“ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು. ಕ್ಲಚ್ ಬಿಡು. ಒಂಚೂರು ಆಕ್ಸಿಲರೇಟರ್ ಕೊಡು. ಮತ್ತೆ ಕ್ಲಚ್ ಒತ್ತಿ ಈಗ ಹಾಕು.”

ಮೂರನೇ ಪ್ರಯತ್ನಕ್ಕೆ ಗೇರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿತ್ತು. ತುಮಕೂರು ತನಕ ಹಾಗೇ ಬಂದ್ವಿ. ಇದು ಯಾವ ಮಂತ್ರ ಅಂತ ಆಮೇಲೆ ಹುಡುಕಿಕೊಂಡು ಓದಿದೆ.

ಟಿಪ್ಪು ಸೈನ್ಯಕ್ಕೆ ಕುದುರೆ ಸಾಕಿದ ಊರು ಕುಣಿಗಲ್. ಕುದುರೆಗೆ ಗೇರು ಬೇಕಿಲ್ಲ. ಏರು ಬಂದರೆ ತಾನೇ ನಿಧಾನವಾಗಿ, ತಾನೇ ಜೋರಾಗಿ ಎಳೆಯುತ್ತೆ. ಪೆಟ್ರೋಲ್ ಎಂಜಿನ್‌ಗೆ ಅದು ಬರಲ್ಲ. ತೀರಾ ನಿಧಾನವಾದರೆ ಬಲ ಸಾಲದೆ ನಿಂತೇ ಹೋಗುತ್ತೆ. ಅದಕ್ಕೇ ನಡುವೆ ಗೇರ್‌ಬಾಕ್ಸ್ ಬೇಕು. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್-ಲೆವಾಸೋರ್ ಕಂಪನಿ ಹಲ್ಲುಚಕ್ರಗಳನ್ನು ಜಾರಿಸಿ ಒಂದಕ್ಕೊಂದು ಕೂಡಿಸುವ ಪದ್ಧತಿ ತಂತು. ತಿರುಗುತ್ತಿರುವ ಹಲ್ಲುಗಳು ಜಗಳವಿಲ್ಲದೆ ಕೂಡಬೇಕಾದರೆ ಎರಡರ ವೇಗವೂ ಹೊಂದಬೇಕಲ್ಲ? ಆ ಹೊಂದಾಣಿಕೆ ಡ್ರೈವರ್ ಕೆಲಸವಾಗಿತ್ತು. ಅದೇ ಅಪ್ಪ ಹೇಳಿದ ಡಬಲ್ ಕ್ಲಚ್.

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೋಮೆಶ್ ಬಂತು. ಹಲ್ಲು ಕೂಡುವ ಮೊದಲು ಒಂದು ಭಾಗ ಗೇರಿಗೆ ಉಜ್ಜಿ ವೇಗ ಸಮ ಮಾಡುತ್ತೆ. ಮುಂದೆ ಇದು ಸಣ್ಣದೊಂದು ಹಿತ್ತಾಳೆ ಉಂಗುರದ ರೂಪ ಪಡೆಯಿತು. ಡ್ರೈವರ್ ಕಾಲಿನ ಜಾಣ್ಮೆ ಉಂಗುರಕ್ಕೆ ವರ್ಗವಾಯ್ತು ಅನ್ನಿ. ಆದರೆ ಉಂಗುರ ಉಜ್ಜಿದಷ್ಟೂ ಸವೆಯುತ್ತೆ.

ನಮ್ಮಲ್ಲಿ ಈ ಬದಲಾವಣೆ ತಡವಾಗಿ ಬಂತು. ಹಳೇ ಅಂಬಾಸಿಡರ್‌ನ ಮೊದಲನೇ ಗೇರಿಗೆ ಸಿಂಕ್ರೋ ಇರಲೇ ಇಲ್ಲ. ಓಡುತ್ತಿರುವಾಗ ಒಂದಕ್ಕೆ ಇಳಿಸಬೇಕಂದ್ರೆ ಡಬಲ್ ಕ್ಲಚ್ ಕಲಿತಿರಲೇಬೇಕು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದರು. ಈ ಕಾರಿನಲ್ಲಿ ಮುಂದಕ್ಕೆ ಹೋಗುವ ನಾಲ್ಕೂ ಗೇರಿಗೆ ಸಿಂಕ್ರೋ ಇತ್ತು. ಅಲ್ಲಿಂದಾಚೆ ಕಲಿತ ನಮ್ಮಂಥವರಿಗೆ ಗೇರು ಅಂದರೆ ತಳ್ಳೋದು, ಅಷ್ಟೆ. 2014ರಲ್ಲಿ ಎರಡೂ ಕಾರುಗಳ ತಯಾರಿಕೆ ನಿಂತಿತು. ಈಗ ರಸ್ತೆಯಲ್ಲಿರೋ ಒಂದೊಂದೂ ಯಾರಾದರೂ ಓಡಿಸಿ ಸವೆಸಿರೋದೇ.

ಹಾಗಾಗಿ ಹಳೇ ಕಾರು ಕೊಂಡರೆ ಹಿಂದಿನ ಮಾಲೀಕರ ಎಡಗಾಲನ್ನೂ ಕೊಂಡ ಹಾಗೆ. ಅರ್ಧಂಬರ್ಧ ಕ್ಲಚ್ ಒತ್ತಿದ್ದು, ಗೇರ್ ಲಿವರ್ ಮೇಲೆ ಸದಾ ಕೈ ಇಟ್ಟಿದ್ದು, ಆಯಿಲ್ ಬದಲಿಸದೇ ಇದ್ದಿದ್ದು, ಎಲ್ಲಾ ಪೆಟ್ಟಿಗೆಯೊಳಗೆ ದಾಖಲಾಗಿರುತ್ತೆ. ಕಿಲೋಮೀಟರ್ ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಸವೆದ ಉಂಗುರವನ್ನಲ್ಲ.

ತುಮಕೂರಿನ ಮೆಕ್ಯಾನಿಕ್ ಬಿಚ್ಚೋದಕ್ಕೆ ಮುಂಚೆಯೇ ಹೇಳಿದ್ರು: ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಬಿದ್ದು, ಆನ್ ಮಾಡಿದಾಗ ಎಲ್ಲವೂ ಅರಚಿದರೆ ಮೊದಲು ಕ್ಲಚ್ ನೋಡಿ. ಒಂದೇ ಗೇರು ಅರಚಿದರೆ ಅನುಮಾನ ಸಿಂಕ್ರೋ ಉಂಗುರದ ಮೇಲೆ. ಹಾಕಿದ ಗೇರು ತಾನೇ ಹೊರಗೆ ಬಂದರೆ ಒಳಗೆ ಹಲ್ಲು, ಫೋರ್ಕ್ ಸವೆದಿರಬಹುದು. ಉಂಗುರದ ದುಡ್ಡು ದೊಡ್ಡದಲ್ಲ; ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಮತ್ತೆ ಕೂರಿಸೋ ಕೂಲಿಯೇ ಜಾಸ್ತಿ. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಆಯಿಲ್ ಸೀಲ್‌ಗಳನ್ನೂ ನೋಡಿಬಿಡೋದು ಜಾಣತನ. ಗುಜರಿಯ ಗೇರ್‌ಬಾಕ್ಸ್ ಹಾಕಿಸಬಹುದಿತ್ತು, ಆದರೆ ಅದನ್ನು ಸವೆಸಿದವರ ಎಡಗಾಲು ಹೇಗಿತ್ತೋ!

ಗೆಳೆಯನೊಬ್ಬ, “ದಪ್ಪ ಆಯಿಲ್ ಹಾಕ್ಸು, ಸದ್ದು ಮುಚ್ಚುತ್ತೆ, ಮಾರಿಬಿಡು” ಅಂದ. ಒಂದು ರಾತ್ರಿಯೆಲ್ಲಾ ಲೆಕ್ಕ ಹಾಕಿದೆ. ಕಾರಿನ ಬೆಲೆಯ ಕಾಲುಭಾಗ ರಿಪೇರಿಗೇ ಹೋಗುತ್ತಿತ್ತು. ನನಗೂ ಯಾರೋ ಹೀಗೇ ಮಾರಿರಬಹುದು ಅನಿಸಿತು. ಬೆಳಿಗ್ಗೆ ಅಪ್ಪನ ಮುಂದೆ ಇಟ್ಟೆ. “ಮಾರೋದಾದ್ರೆ ಹೇಳಿ ಮಾರು” ಅಂದ್ರು, ಪೇಪರಿನಿಂದ ತಲೆ ಎತ್ತದೆ. ಹೇಳಿದ್ರೆ ಯಾರು ತಗೋತಾರೆ? ಉಂಗುರ ಹಾಕಿಸಿದೆ.

ಈಗ ಎರಡನೇ ಗೇರು ಸಲೀಸಾಗಿ ಬೀಳುತ್ತೆ. ಮೊನ್ನೆ ಗುಬ್ಬಿ ರಸ್ತೆಯಲ್ಲಿ ಅಪ್ಪ ಮೆಚ್ಚಲಿ ಅಂತ ಡಬಲ್ ಕ್ಲಚ್ ಮಾಡಿದೆ.

“ಈಗ್ಯಾಕೋ ಅದು? ಸುಮ್ನೆ ಕ್ಲಚ್ ಸವೆಸಬೇಡ” ಅಂದ್ರು.