ವಿದ್ಧಚಿತ್ರವೂ ಸೂತ್ರಮಾನವೂ

ಭಾರತೀಯ ಚಿತ್ರಕಾರರು ತಾಳಮಾನವೆಂಬ ಸಿದ್ಧವಾದ ಅಳತೆಗೆ ಕಟ್ಟುಬಿದ್ದವರೆಂದೂ, ಎದುರಿಗಿರುವ ವ್ಯಕ್ತಿಯನ್ನು ನೋಡಿ ಅವಯವಪ್ರಮಾಣಗಳನ್ನು ನಿರ್ಣಯಿಸಿ ಬರೆಯುವ ಕ್ರಮವು ಅವರಲ್ಲಿರಲಿಲ್ಲವೆಂದೂ ಕೆಲವರು ಹೇಳುವುದುಂಟು. ಕನ್ನಡನಾಡಿನಲ್ಲಿ ಹುಟ್ಟಿದ ಒಂದು ಸಂಸ್ಕೃತಗ್ರಂಥವೇ ಈ ಮತವನ್ನು ನಿರಾಕರಿಸುತ್ತದೆ.

ಕೆಲವು ಕೃತಿಗಳಲ್ಲಿ ಪ್ರಮಾಣವು ಸಾಧನದಿಂದಲೇ ಬರುವುದು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು 2001ರಲ್ಲಿ ನಡೆಸಿದ ಉತ್ಖನನದಿಂದ ಬೌದ್ಧ ಚೈತ್ಯವಿಹಾರಗಳ ಅವಶೇಷಗಳೂ, ಮಣ್ಣಿನ ಕಿರುಸ್ತೂಪಗಳೂ, ಮುದ್ರೆಯೊತ್ತಿದ ಮಣ್ಣಿನ ಬಿಲ್ಲೆಗಳೂ ಬೆಳಕಿಗೆ ಬಂದುವು. ಮುದ್ರೆಯ ಅಳತೆಯೇ ಬಿಲ್ಲೆಗೆ ಇಳಿಯುವುದರಿಂದ ಒತ್ತುವವನು ಮತ್ತೆ ಅಳೆಯಬೇಕಾದುದಿಲ್ಲ. ಸಜೀವವ್ಯಕ್ತಿಗಾದರೋ ಅಂತಹ ಮುದ್ರೆಯಿಲ್ಲ. ಅವನು ಸ್ವಲ್ಪ ತಿರುಗಿದರೂ ಕಾಣುವ ಪ್ರಮಾಣವು ಬೇರೆಯಾಗುವುದು.

ಶಾಸ್ತ್ರಕಾರರು ಈ ಭೇದವನ್ನು ಅರಿಯದವರಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪ್ರತಿಮೆಯ ಮುಖವು ಅದರದೇ ಅಂಗುಲದಿಂದ 12 ಅಂಗುಲವೆಂದು ವಿಧಿಸಿ, ನಗ್ನಜಿತನ ಮತದಂತೆ ಉದ್ದವು 14 ಎಂಬ ದ್ರಾವಿಡಮಾನವನ್ನೂ ಹೇಳಿರುವನು. ಹಂಸ, ಶಶ, ರುಚಕ, ಭದ್ರ, ಮಾಲವ್ಯರೆಂಬ ಐವರು ಪುರುಷರಿಗೆ ಕ್ರಮವಾಗಿ 96, 99, 102, 105, 108 ಅಂಗುಲಗಳ ಎತ್ತರವನ್ನು ಕೊಟ್ಟಿರುವನು. ಮನುಷ್ಯರೆಲ್ಲರೂ ಒಂದೇ ಅಳತೆಯವರಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಇನ್ನೂ ಮುಂದೆ ಹೋಗುವನು. ಮಾನಸೋಲ್ಲಾಸವೆಂದೂ ಹೆಸರುಳ್ಳ ಅವನ ಅಭಿಲಷಿತಾರ್ಥಚಿಂತಾಮಣಿಯು ಗ್ರಹಗಣನೆಗೆ ಶಕ 1051ನ್ನು ಹಿಡಿದಿರುವುದರಿಂದ ಅದರ ಕಾಲವು ಕ್ರಿ.ಶ. 1129ರ ಸುಮಾರು. ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ 1926ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದರು. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳುದನ್ನು ಸೋಮೇಶ್ವರನು ವಿದ್ಧಚಿತ್ರವೆಂದು ಕರೆದು, ಆಕಾರಮಾತ್ರದಿಂದ ತೃಪ್ತಿಗೊಳ್ಳುವ ಅವಿದ್ಧದಿಂದ ಅದನ್ನು ಬೇರ್ಪಡಿಸಿರುವನು.

ರೂಪದ ಪ್ರಮಾಣವನ್ನು ನಿಲ್ಲಿಸುವುದಕ್ಕೆ ಅವನು ಹೇಳುವ ಸಾಧನವು ಸೂತ್ರ. ನೇರವಾಗಿ ನಿಂತವನಲ್ಲಿ ಬ್ರಹ್ಮಸೂತ್ರವು ಹುಬ್ಬುಗಳ ನಡುವೆ ಹಾಯ್ದು ಮೂಗಿನ ತುದಿ, ಗಲ್ಲ, ಎದೆ, ನಾಭಿಗಳ ಮೂಲಕ ಪಾದಗಳ ಮಧ್ಯಕ್ಕೆ ಇಳಿಯುವುದು. ಇದರ ಎರಡು ಪಾರ್ಶ್ವಗಳಲ್ಲಿ ಪಕ್ಷಸೂತ್ರಗಳಿರುವುವು. ಋಜುಸ್ಥಾನದಲ್ಲಿ ಇವುಗಳ ಅಂತರವು ಆರಾರು ಅಂಗುಲ. ಅರ್ಧರ್ಜುವಿನಲ್ಲಿ 8 ಮತ್ತು 4. ಸಾಚಿಯಲ್ಲಿ 10 ಮತ್ತು 2. ದ್ವ್ಯರ್ಧಾಕ್ಷಿಯಲ್ಲಿ 11 ಮತ್ತು 1. ಎಲ್ಲೆಡೆಯೂ ಮೊತ್ತವು 12 ಅಂಗುಲ, ಎಂದರೆ ಒಂದು ತಾಳವೇ. ದೇಹವು ತಿರುಗಿದಷ್ಟೂ ನಡುಗೆರೆಯು ಒಂದು ಪಕ್ಕಕ್ಕೆ ಸರಿಯುವುದೇ ಹೊರತು ಮೊತ್ತವು ಕೆಡುವುದಿಲ್ಲ.

ಇಂದಿನ ಕಲಾಶಾಲೆಗಳಲ್ಲಿ ತೂಗುಗುಂಡಿನ ದಾರವನ್ನು ಇಳಿಬಿಟ್ಟು, ಯಾವ ಅವಯವವು ಯಾವುದರ ನೇರಕ್ಕಿರುವುದೆಂದು ನೋಡುವ ಅಭ್ಯಾಸವನ್ನು ಪಾಶ್ಚಾತ್ಯರಿಂದ ಬಂದುದೆಂದೇ ಭಾವಿಸುವುದು ಸಾಮಾನ್ಯ. ಅದರ ತತ್ತ್ವವಾದರೋ ಕಲ್ಯಾಣದ ಅರಸನ ಗ್ರಂಥದಲ್ಲಿ ಅಂಗುಲಸಂಖ್ಯೆಯೊಡನೆ ನಿರೂಪಿತವಾಗಿದೆ. ಆದುದರಿಂದ ತಾಳಮಾನವನ್ನು ಸಾದೃಶ್ಯದ ವಿರೋಧಿಯೆಂದೆಣಿಸುವುದು ಯುಕ್ತವಲ್ಲ. ಕಣ್ಣು ಕಂಡುದನ್ನು ಕೈಯು ತಪ್ಪದೆ ಬರೆಯುವುದಕ್ಕೆ ಅದು ಆಧಾರವಾಗಿದ್ದಿತು.