ತಾಯ್ತನಕ್ಕೆ ಅಡ್ಡಬಂದ ಒಂದು ನಂಬಿಕೆಯ ಚರಿತ್ರೆ



ಚರಿತ್ರೆಯೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದು ತರಗತಿಯಲ್ಲಿ ನೀವು ಗೊಣಗುತ್ತಿದ್ದಿರಿ. ವೈದ್ಯರು ಆಡಿದ ಒಂದು ಮಾತಿಗೂ ಚರಿತ್ರೆಯಿರುತ್ತದೆ. ‘ಈ ಕಾಯಿಲೆಯಿರುವ ಹೆಣ್ಣು ಬಸುರಿಯಾಗಬಾರದು’ ಎಂಬುದು ಅಂಥದೊಂದು ಮಾತು.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಪಂಪ್‌ಸೆಟ್ಟಿನ ವೈರಿಗೆ ಮೇಲುಹೊದಿಕೆ ಇರುವಂತೆ ಮಿದುಳು, ಬೆನ್ನುಹುರಿಗಳ ನರತಂತುಗಳಿಗೂ ಮಯಲಿನ್ ಎಂಬ ಹೊದಿಕೆಯಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಆ ಹೊದಿಕೆಯನ್ನು ಹಾಳುಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಣ್ಣು ಮಂಜಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಅನೇಕರಲ್ಲಿ ಅದು ತಗ್ಗಿ, ಮತ್ತೆ ಮರುಕಳಿಸುತ್ತದೆ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಕೊ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದನು. ಗಂಡಸರಿಗಿಂತ ಹೆಂಗಸರಲ್ಲಿ, ಅದೂ ಮಕ್ಕಳನ್ನು ಹೆರುವ ವಯಸ್ಸಿನಲ್ಲಿ, ಇದು ಹೆಚ್ಚು.

ಹೆರಿಗೆಯಾದ ಮೇಲೆ ರೋಗ ಉಲ್ಬಣಿಸಿದವರು ವೈದ್ಯರ ಬಳಿ ಬಂದರು, ನೆಮ್ಮದಿಯಾಗಿದ್ದವರು ಬರಲಿಲ್ಲ. ಹೀಗೆ ಬಂದವರನ್ನಷ್ಟೇ ನೋಡಿ ಮೂಡಿದ ಅಭಿಪ್ರಾಯವು ಕಾಲಕ್ರಮದಲ್ಲಿ ನಿಯಮವಾಯಿತು. ಇಪ್ಪತ್ತನೆಯ ಶತಮಾನದ ಬಹುಭಾಗ ಈ ರೋಗಿಗಳಿಗೆ ಮಕ್ಕಳ ಆಸೆ ಬಿಡುವಂತೆ ಹೇಳಲಾಗುತ್ತಿತ್ತು. 1950ರ ಸುಮಾರಿಗೆ ಕೆಲವರು ಸಂದೇಹಪಟ್ಟರಾದರೂ ಹಳೆಯ ಮಾತು ಅಳಿಯಲಿಲ್ಲ.

ಅದನ್ನು ಲೆಕ್ಕಕ್ಕೆ ಒಡ್ಡಿದವರು ಫ್ರಾನ್ಸಿನ ಲಿಯೋನ್ ನಗರದ ನರರೋಗತಜ್ಞ ಕ್ರಿಸ್ತಿಯಾನ್ ಕಾನ್‌ಫಾವ್ರೋ. ಅವರು ಮತ್ತು ಅವರ ಸಂಗಡಿಗರು ಹಳೆಯ ನೆನಪುಗಳನ್ನು ಕೆದಕದೆ, ಯುರೋಪಿನ 12 ದೇಶಗಳ 254 ಮಹಿಳೆಯರನ್ನು ಬಸುರಿಯಾಗಿದ್ದಾಗಲೇ ಗುರುತಿಸಿ, ಹೆರಿಗೆಯ ನಂತರವೂ ಹಿಂಬಾಲಿಸಿದರು. ಒಟ್ಟು 269 ಗರ್ಭಧಾರಣೆಗಳು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಲೆಕ್ಕ ಸರಳವಾಗಿದೆ. ಬಸುರಿಯಾಗುವ ಮುನ್ನ ಹತ್ತು ಮಂದಿಗೆ ವರ್ಷಕ್ಕೆ ಏಳು ಸಲ ರೋಗ ಮರುಕಳಿಸುತ್ತಿತ್ತು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಆ ದರ ಎರಡಕ್ಕೆ ಇಳಿಯಿತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಹನ್ನೆರಡಕ್ಕೆ ಏರಿತು. ಆಮೇಲೆ ಹಳೆಯ ಮಟ್ಟಕ್ಕೆ ಮರಳಿತು. ಒಟ್ಟಾರೆ ಅಂಗವೈಕಲ್ಯದ ವೇಗ ಹೆಚ್ಚಲಿಲ್ಲ. ಎದೆಹಾಲು ಕುಡಿಸಿದ್ದರಿಂದ ಕೇಡಾಗಲಿಲ್ಲ. 2004ರಲ್ಲಿ ಪ್ರಕಟವಾದ ಮುಂದುವರಿದ ಅಧ್ಯಯನದ ಪ್ರಕಾರ, ಆ ಮೂರು ತಿಂಗಳಲ್ಲಿಯೂ ನೂರಕ್ಕೆ 72 ಬಾಣಂತಿಯರಿಗೆ ರೋಗ ಮರುಕಳಿಸಲಿಲ್ಲ. ಕಾನ್‌ಫಾವ್ರೋ 2013ರಲ್ಲಿ ತೀರಿಕೊಂಡರು.

ಗರ್ಭವೇ ರೋಗವನ್ನು ಹೇಗೆ ತಣಿಸುತ್ತದೆ? ಮಗುವಿನಲ್ಲಿ ಅರ್ಧ ಅಂಶ ತಂದೆಯದು. ಅದನ್ನು ಪರಕೀಯವೆಂದು ತಳ್ಳದಿರಲು ತಾಯಿಯ ನಿರೋಧಕ ಶಕ್ತಿಯ ವರ್ತನೆ ಬದಲಾಗುತ್ತದೆ. ಲಾಸ್ ಏಂಜಲೀಸ್‌ನ ರೋಂಡಾ ವೋಸ್ಕುಲ್ ಎಂಬ ಸಂಶೋಧಕಿ ಗರ್ಭಕಾಲದಲ್ಲಿ ಹೇರಳವಾಗುವ ಎಸ್ಟ್ರಿಯೋಲ್ ಹಾರ್ಮೋನನ್ನೇ ಔಷಧವಾಗಿ ಪರೀಕ್ಷಿಸಿದರು. 164 ಮಹಿಳೆಯರ ಮೇಲಿನ ಪ್ರಯೋಗದ ವರದಿ 2016ರಲ್ಲಿ ಬಂದಿತು. ಫಲ ಆಶಾದಾಯಕವಾಗಿದ್ದರೂ ಅದಿನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ಇದು ಪರದೇಶದ ಕಾಯಿಲೆ, ನಮಗೇಕೆ ಎನ್ನಬೇಡಿ. ಭಾರತದಲ್ಲಿ ಲಕ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ಇದೆಯೆಂದು ಹಿಂದೆ ಭಾವಿಸಲಾಗಿತ್ತು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆ ಆ ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಯನ್ನು ತೋರಿಸಿತು. ನಗರದ ಲೆಕ್ಕವನ್ನು ಹಳ್ಳಿಗಳಿಗೆ ಹಾಗೆಯೇ ಹೊಂದಿಸಲಾಗದು. ಆದರೆ 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಇಂಥವರು ಯಾರೂ ಇರಲಾರರೆಂದು ಹೇಳುವಂತಿಲ್ಲ.

ಇರುವುದನ್ನು ನಾನು ಬಲ್ಲೆ. ಮಳವಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಮದುವೆಯಾದ ವರ್ಷವೇ ಒಂದು ಕಣ್ಣು ಮಂಜಾಯಿತು. ರೋಗದ ಹೆಸರು ತಿಳಿದದ್ದು ಬೆಂಗಳೂರಿನಲ್ಲಿ. ಆಕೆಯ ತಾಯಿ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಮಗು ಆಗ್ಬಾರ್ದು ಅಂತಾರೆ ಎಲ್ರೂವೆ. ಬೀಗರು ಬೇರೆ ಸಂಬಂಧದ ಮಾತಾಡ್ತಾವ್ರೆ” ಎಂದು ಅತ್ತರು. ಮೇಲಿನ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಟ್ಟು, ಅಳಿಯನನ್ನೂ ಕರೆದುಕೊಂಡು ನರರೋಗತಜ್ಞರನ್ನು ಕೇಳಿರೆಂದೆ. ತಜ್ಞರು ಔಷಧ ಬದಲಿಸಿ, ಒಂದು ವರ್ಷ ಕಾದು, ಒಪ್ಪಿಗೆ ಕೊಟ್ಟರು. ಹೆಣ್ಣುಮಗು ಹುಟ್ಟಿತು. ಎರಡನೆಯ ತಿಂಗಳಲ್ಲಿ ಬಾಣಂತಿಯ ಎಡಗಾಲು ಸೋತಿತು; ತಕ್ಷಣ ಚಿಕಿತ್ಸೆ ದೊರೆತು ಚೇತರಿಸಿಕೊಂಡಳು.

ಈಗಿನ ಕೆಲವು ಔಷಧಗಳು ಗರ್ಭಕ್ಕೆ ಹಾನಿಕರ. ಕೆಲವನ್ನು ಥಟ್ಟನೆ ಬಿಟ್ಟರೆ ರೋಗ ಕೆರಳುತ್ತದೆ. ಆದ್ದರಿಂದ ಬಸುರಿಗೆ ಮುನ್ನವೇ ವೈದ್ಯರೊಡನೆ ಮಾತಾಡಬೇಕು. ತವರಿನಲ್ಲಿ ಬಾಣಂತನದ ಮೊದಲ ಮೂರು ತಿಂಗಳು ನಾವು ಹೇಗೂ ಹೆಣ್ಣನ್ನು ಜೋಪಾನ ಮಾಡುತ್ತೇವೆ. ಈ ರೋಗದಲ್ಲಿ ಅಪಾಯದ ಕಾಲವೂ ಅದೇ ಆಗಿದೆ. ಆಗ ಕಣ್ಣು ಮಂಜಾದರೆ, ಕಾಲು ಸೋತರೆ, ಅದನ್ನು ಬಾಣಂತಿಯ ನಿಶ್ಶಕ್ತಿಯೆಂದು ಕಷಾಯ ಕೊಟ್ಟು ಕೂರಬೇಡಿ. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.